ಹಿತ್ತಿಲ ಹಗ್ಗ ಓದುವವಳು

ಹೊನ್ನೇಮರದಹಳ್ಳಿಯ ಹೆಂಗಸರು ಮಾಯಾಳಿಗೆ ಬಾಯಿಬಿಟ್ಟು ಹೇಳಿದ್ದು ಕಡಿಮೆ. ಅವರ ಹಿತ್ತಿಲ ಹಗ್ಗಗಳು ಹೇಳಿದ್ದೇ ಹೆಚ್ಚು.

ಪಂಚನಹಳ್ಳಿಯಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಆ ಊರಿಗೆ ಅವಳು ಹದಿನಾಲ್ಕು ವರ್ಷಗಳಿಂದ ಆಶಾ ಕಾರ್ಯಕರ್ತೆ. ಬೆಳಿಗ್ಗೆ ಎಂಟಕ್ಕೆ ಗುಲಾಬಿ ಸೀರೆ ಉಟ್ಟು, ಕೂಸಿನ ತೂಕ ನೋಡುವ ಜೋಳಿಗೆ, ಥರ್ಮಾಮೀಟರ್, ಮಾತ್ರೆಗಳ ಚೀಲ ಹೆಗಲಿಗೇರಿಸಿ, ಊರ ಮುಂದಿನ ರಸ್ತೆ ಬಿಟ್ಟು ತೆಂಗಿನ ತೋಟದ ಬದುವಿನ ಮೇಲೆ ಬರುತ್ತಿದ್ದಳು. ಅಲ್ಲಿಂದ ಎಲ್ಲ ಮನೆಗಳ ಬೆನ್ನು ಕಾಣುತ್ತಿತ್ತು. ಹಗ್ಗದ ಮೇಲಿನ ಸೀರೆ ಗಾಳಿಗೆ ಹಾರದೆ ದಪ್ಪಗೆ ಜೋತುಬಿದ್ದಿದ್ದರೆ ಅದರ ಅಡಿಯಲ್ಲಿ ಹಳೆಯ ಬಟ್ಟೆಯ ತುಂಡುಗಳು ಕದ್ದು ಒಣಗುತ್ತಿವೆ ಎಂದೇ ಲೆಕ್ಕ. ಯಾರ ಮನೆಯ ಹುಡುಗಿ ದೊಡ್ಡವಳಾದಳು, ಯಾವ ಸೊಸೆಗೆ ಎರಡು ತಿಂಗಳಿಂದ ಮುಟ್ಟು ನಿಂತಿದೆ, ಯಾರಿಗೆ ತಿಂಗಳು ತುಂಬುವ ಮೊದಲೇ ಮತ್ತೆ ಹರಿಯುತ್ತಿದೆ, ಎಲ್ಲವೂ ಆ ಹಗ್ಗಗಳ ಮೇಲಿರುತ್ತಿತ್ತು. ನೋಡಿಕೊಂಡು, ಸುತ್ತು ಹಾಕಿ, ಮುಂಬಾಗಿಲಿಗೆ ಬಂದು, ಏನೂ ಗೊತ್ತಿಲ್ಲದವಳಂತೆ ಜಗಲಿಯ ಮೇಲೆ ಕೂತು ಮಾತು ತೆಗೆಯುತ್ತಿದ್ದಳು.

ಅರವತ್ತೆರಡರ ಮಲ್ಲಿಕಾಂಬ ಉಳಿದದ್ದು ಹಾಗೆ. ಮುಟ್ಟು ನಿಂತು ಹತ್ತು ವರ್ಷವಾಗಿದ್ದ ಆಕೆಯ ಹಗ್ಗದಲ್ಲಿ ಒಂದು ದಿನ ಸೀರೆ ದಪ್ಪಗೆ ಜೋತಿತ್ತು. ಮಾಯಾ ಒಂದು ವಾರ ಬೆನ್ನುಬಿದ್ದು ಆಕೆಯನ್ನು ಆಸ್ಪತ್ರೆಗೆ ಹೊರಡಿಸಿದಳು. ಗರ್ಭಕೋಶದ ಬಾಯಲ್ಲಿ ಗೆಡ್ಡೆ, ಇನ್ನೂ ಎಳೆಯದು. ಆಪರೇಷನ್ ಆಗಿ ಮನೆಗೆ ಬಂದ ಮಲ್ಲಿಕಾಂಬ ಕಣ್ಣೊರೆಸಿಕೊಂಡಳು. "ನಿನ್ ಕಣ್ಣು ಬಲು ಚುರುಕು ಕಣೇ ಮಾಯಾ. ಹೊಟ್ಟೇಲಿ ಹುಟ್ಟಿದ್ ಮಕ್ಳಿಗೇ ಕಾಣ್ಲಿಲ್ಲ ನೋಡು. ತಾಳು, ಕಾಫಿ ಕುಡ್ಕೊಂಡು ಹೋಗು." ಕಾಫಿ ಬಂತು. ಮಾಯಾ ತಾನೇ ಎದ್ದು, ಕಾಂಪೌಂಡ್ ಗೋಡೆಯ ಮೇಲೆ ಬೋರಲು ಹಾಕಿದ್ದ ಲೋಟವನ್ನು ತಂದಳು. ಮಲ್ಲಿಕಾಂಬ ಎತ್ತರದಿಂದ ಹುಯ್ದಳು. ಕುಡಿದ ಮೇಲೆ ಮಾಯಾ ಲೋಟ ತೊಳೆದು, ಇದ್ದಲ್ಲಿಯೇ ಬೋರಲು ಹಾಕಿದಳು.

ಯಾರೂ ಒರಟಾಗಿ ಮಾತಾಡುತ್ತಿರಲಿಲ್ಲ. ಬೀರೂರಿನ ಬಸ್ಸಿನಲ್ಲಿ ಇದೇ ಹೆಂಗಸರು ಅವಳ ಪಕ್ಕ ತೊಡೆಗೆ ತೊಡೆ ತಾಗಿಸಿ ಕೂತು, ಹೆಗಲ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದರು. ಊರ ಸ್ಟಾಪಿನಲ್ಲಿ ಇಳಿದ ಮೇಲೆ ಅವರು ಊರೊಳಗೆ, ಅವಳು ಕೆಳಗಿನ ಕೇರಿಗೆ.

ಅವಳ ಅವ್ವ ಭಾಗಮ್ಮ ಸೂಲಗಿತ್ತಿ. ಊರಿನ ಅರ್ಧ ಜನರ ಹೊಕ್ಕುಳಬಳ್ಳಿ ಕೊಯ್ದವಳು. ನೋವು ತಿನ್ನುವವಳ ಮುಂದೆ ಯಾರೂ ಭಾಗಮ್ಮನ ಕೇರಿ ಯಾವುದೆಂದು ಕೇಳುತ್ತಿರಲಿಲ್ಲ. ಹಿತ್ತಿಲ ಬಾಗಿಲು ತಾನಾಗಿ ತೆರೆಯುತ್ತಿತ್ತು. ಕೂಸು ಅತ್ತ ಮೇಲೆ ನೆನಪಾಗಿ, ಅವಳು ನಡೆದ ದಾರಿಗೆಲ್ಲ ಸಗಣಿನೀರು ಹಾಕುತ್ತಿದ್ದರು. ಹೆರಿಗೆ ಆಸ್ಪತ್ರೆಗೆ ಹೋಯಿತು, ಹಿತ್ತಿಲ ಬಾಗಿಲೂ ಮುಚ್ಚಿತು. ಬೀರೂರಿನಲ್ಲಿ ಪಿಯುಸಿ ಓದಿದ್ದ, ತರಬೇತಿ ಪಡೆದ, ಗುರುತಿನ ಚೀಟಿ ಇದ್ದ ಮಗಳಿಗೆ ಉಳಿದದ್ದು ಜಗಲಿ.

ಕೆಲಸಕ್ಕೆ ಸೇರಿದ ವರ್ಷ ಮಾಯಾ ಒಮ್ಮೆ ಹೊಸ್ತಿಲು ದಾಟಿದ್ದಳು. ಒಂದು ಮನೆಯ ಬಸುರಿಯ ಕಾಲು ಊದಿಕೊಂಡಿದೆ ಎಂದು ಕೇಳಿ, ನೋಡಲು ಸೀದಾ ನಡುಮನೆಗೆ ನಡೆದುಬಿಟ್ಟಳು. ಆವತ್ತು ಯಾರೂ ಏನೂ ಅನ್ನಲಿಲ್ಲ. ಮಾರನೆಯ ಬೆಳಿಗ್ಗೆ ನಲ್ಲಿಕಟ್ಟೆಯ ಮೇಲೆ, ಅವಳು ಊರಿಗೆಲ್ಲ ಹಂಚಿದ್ದ ಕಬ್ಬಿಣದ ಮಾತ್ರೆಗಳು ಒಂದೇ ರಾಶಿಯಾಗಿ ಬಿದ್ದಿದ್ದವು. ನಾಲ್ಕು ತಿಂಗಳು ಊರೊಳಗಿನ ಒಬ್ಬ ಹೆಂಗಸೂ ಅವಳ ಕೈಯಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಆ ಬಸುರಿಗೆ ಎಂಟನೇ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ಹೋಯಿತು.

ಆಮೇಲೆ ಮಾಯಾ ತನಗೆ ತಾನೇ ಒಂದು ಕಟ್ಟು ಹಾಕಿಕೊಂಡಳು: ತಾನು ಹೊರಗಿರುವುದು, ಮಾತ್ರೆ ಒಳಗೆ ಹೋಗುವುದು. ಗಂಡ ವಿಜಯ್ ರೇಗಿಸುತ್ತಿದ್ದ. "ಮನೇಲಿ ಬುದ್ಧನ ಫೋಟೋ ಹಾಕ್ಕೊಂಡು ಪಂಚಶೀಲ ಹೇಳ್ತೀಯ, ಊರೊಳಗೆ ಹೋಗಿ ಜಗಲಿ ಮೇಲೆ ಕೂತ್ಕೋತೀಯ. ಯಾವ್ ಸೀಮೆ ಧರ್ಮ ಕಣೇ ನಿಂದು?"

"ನೀನು ಗೂಡ್ಸ್ ಆಟೋ ಓಡಿಸೋನು. ನಿನ್ ಗಾಡೀಲಿ ತೆಂಗಿನಕಾಯಿ ಒಡೆದ್ರೆ ಯಾವ ತಾಯೀನೂ ಅಳಲ್ಲ," ಎನ್ನುತ್ತಿದ್ದಳು ಮಾಯಾ.

ಹೀಗೆ ನಡೆಯುತ್ತಿದ್ದಾಗ ಪ್ಯಾಡುಗಳು ಬಂದವು. ಮೊದಲು ಶಾಲೆಯ ಹುಡುಗಿಯರಿಗೆ, ಆಮೇಲೆ ಬಾಣಂತಿಯರಿಗೆ, ಉಳಿದ ಹೆಂಗಸರಿಗೆ. ಮಾಯಾಳೇ ಮನೆಮನೆಗೆ ಹೊತ್ತು ಹಂಚಿದಳು. ಒದ್ದೆ ತುಂಡಿನಿಂದ ಏನೇನು ರೋಗ ಬರುತ್ತದೆಂದು ಗಂಟಲು ಒಣಗುವವರೆಗೆ ಹೇಳಿದಳು. ಹೆಂಗಸರು ಒಪ್ಪಿದರು. ಬಳಸಿದ್ದನ್ನು ಬಚ್ಚಲ ಒಲೆಗೆ ಹಾಕಿ ಸುಟ್ಟರು. ಹಗ್ಗಗಳ ಮೇಲೆ ಸೀರೆಗಳು ಹಗುರಾಗಿ ಹಾರತೊಡಗಿದವು. ನೋಡಲು ಚೆಂದವಾಗಿತ್ತು. ಅವುಗಳಲ್ಲಿ ಓದಲು ಏನೂ ಇರಲಿಲ್ಲ. ಆದರೂ ಹದಿನಾಲ್ಕು ವರ್ಷದ ಅಭ್ಯಾಸ. ಬೆಳಗಾದರೆ ಮಾಯಾ ಬದುವಿನ ಮೇಲೇ ಬರುತ್ತಿದ್ದಳು, ಖಾಲಿ ಹಗ್ಗ ನೋಡಿ, ಎಲ್ಲರೂ ಚೆನ್ನಾಗಿದ್ದಾರೆ ಎಂದುಕೊಳ್ಳುತ್ತಿದ್ದಳು.

ನಿಶ್ಚಿತಾ ಕರಿಯಮ್ಮನ ಸೊಸೆ, ಭೈರೇಶನ ಹೆಂಡತಿ. ತರೀಕೆರೆಯವಳು. ಹತ್ತೊಂಬತ್ತಕ್ಕೆ ತಾಯಿಯನ್ನು ಕಳೆದುಕೊಂಡು, ಇಪ್ಪತ್ತೆರಡಕ್ಕೆ ಈ ಮನೆಗೆ ಬಂದಿದ್ದಳು. ಬಸುರಿಯಾದ ಮೇಲೆ ಮಾಯಾ ಬಂದಳೆಂದರೆ ಒಳಗೆ ನಿಲ್ಲುತ್ತಿರಲಿಲ್ಲ. ಜಗಲಿಗೆ ಬಂದು ಅವಳ ಪಕ್ಕದಲ್ಲೇ, ಅದೇ ಚಾಪೆಯ ಮೇಲೆ, ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು.

"ಲೇ, ದೂರ ಕೂತ್ಕೊಳ್ಳೇ, ಅವ್ಳ್ಗೂ ಸೆಕೆ," ಎಂದು ಕರಿಯಮ್ಮ ಒಳಗಿಂದ ಕೂಗುವಳು.

"ಗಾಳಿ ಬತ್ತಾ ಐತೆ ಬಿಡಿ ಅತ್ತೆ," ಎಂದು ನಿಶ್ಚಿತಾ ನಕ್ಕು, ಮಾಯಾಳ ಕಡೆಗೆ ಇನ್ನಷ್ಟು ಸರಿಯುವಳು.

ಏಳನೇ ತಿಂಗಳಲ್ಲಿ ಒಂದು ದಿನ ಅವಳು ನಗಲಿಲ್ಲ. ದನಿ ತಗ್ಗಿಸಿದಳು. "ಅಕ್ಕಾ, ಬಾಣಂತನ ಇಲ್ಲೇ ಅಂತೆ. ನಂಗೆ ತವರಲ್ಲಿ ಯಾರವ್ರೆ? ಆ ಕತ್ಲೆ ರೂಮಿಗೆ ಹಾಕ್ತಾರೆ, ಕುಡಿಯಕ್ಕೆ ನೀರೂ ಅಳ್ದು ಕೊಡ್ತಾರಂತೆ. ನಂಗೆ ಹೆದ್ರಿಕೆ. ನೀವು ಒಳಗೆ ಬಂದು ನನ್ನ ನೋಡ್ಬೇಕು. ಬತ್ತೀರಾ?"

ಮಾಯಾಳಿಗೆ ನಲ್ಲಿಕಟ್ಟೆಯ ರಾಶಿ ನೆನಪಾಯಿತು. ಆದರೂ ಬಾಯಿ ಹೇಳಿಬಿಟ್ಟಿತು. "ಬತ್ತೀನಿ ಕಣವ್ವ."

ಕಡೂರಿನಲ್ಲಿ ಹೆರಿಗೆ ಸಲೀಸಾಗಿ ಆಯಿತು. ಹೆಣ್ಣು ಕೂಸು. ಹೆತ್ತ ಮೂರನೇ ದಿನ ಬಾಣಂತಿ ಮನೆಗೆ ಬಂದಳು. ಮಾಯಾ ನಿಯಮದ ಪ್ರಕಾರ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಹೀಗೆ ನಲವತ್ತೆರಡನೇ ದಿನದವರೆಗೆ ಆರು ಸಲ ತಾಯಿ ಮತ್ತು ಕೂಸನ್ನು ನೋಡಬೇಕು. ಮೂರನೇ ದಿನದ ಸಂಜೆ ಹೋದಳು.

"ಬಂದ್ಯಾ? ಅಲ್ಲೇ ಕೂತ್ಕೋ, ಕೂಸು ತತ್ತೀನಿ," ಎಂದಳು ಕರಿಯಮ್ಮ. ಕೂಸು ಜಗಲಿಗೆ ಬಂತು. ಮಾಯಾ ಜೋಳಿಗೆಯಲ್ಲಿಟ್ಟು ತೂಗಿದಳು. ಎರಡೂ ಮುಕ್ಕಾಲು ಕಿಲೋ. ಹೊಕ್ಕುಳು ನೋಡಿದಳು, ಪ್ಯಾಡಿನ ಪೊಟ್ಟಣಗಳನ್ನೂ ಕರಿಯಮ್ಮನ ಬಿ.ಪಿ. ಮಾತ್ರೆಗಳನ್ನೂ ಜಗಲಿಯ ಮೇಲಿಟ್ಟಳು. ಕರಿಯಮ್ಮ ಕೂಸನ್ನು ಎತ್ತಿಕೊಂಡು ಹೊಸ್ತಿಲ ಪಕ್ಕದ ಚೊಂಬಿನಿಂದ ಅರಿಸಿನ ನೀರನ್ನು ಅದರ ಮೈಗೆ ಚಿಮುಕಿಸಿದಳು. ಕೂಸು ಬೆಚ್ಚಿ ಕೈಕಾಲು ಕೆದರಿತು.

"ತಾಯೀನ ನೋಡ್ಬೇಕಿತ್ತು ಅಮ್ಮಾರೇ."

"ಅವ್ಳಿಗೇನು ರಾಣಿ ಹಂಗೆ ಮಲ್ಗವ್ಳೆ. ಇಷ್ಟು ಬೆಳ್ಳುಳ್ಳಿ ತಿಂದು, ಬಿಸಿನೀರು ಹುಯ್ಸ್ಕೊಂಡು. ಬರ್ಕೋ, ಚೆನ್ನಾಗವ್ಳೆ ಅಂತ."

ಮಾಯಾ ಬರೆದುಕೊಂಡಳು. ನಮೂನೆಯಲ್ಲಿ 'ತಾಯಿಯನ್ನು ನೋಡಲಾಗಿದೆ' ಎಂಬ ಚೌಕವಿತ್ತು. ಹದಿನಾಲ್ಕು ವರ್ಷದಿಂದ ಜಗಲಿಯ ಮೇಲೆ ಕೂತು ಹಾಕಿದಂತೆ ಅಲ್ಲಿ ಟಿಕ್ ಹಾಕಿದಳು.

ಏಳನೇ ದಿನ ಬದುವಿನ ಮೇಲೆ ಬರುವಾಗ ಕರಿಯಮ್ಮನ ಹಗ್ಗ ನೋಡಿದಳು. ಕೂಸಿನ ಬಟ್ಟೆಗಳು, ಒಂದು ಟವೆಲ್. ಬೇರೇನೂ ಇಲ್ಲ. ಮನಸ್ಸು ಹಗುರಾಯಿತು. ಆದರೆ ಮುಂಬಾಗಿಲಿಗೆ ಬಂದಾಗ ಸಾಂಬ್ರಾಣಿ ಹೊಗೆ ಬಾಗಿಲಿಂದ ಉಕ್ಕಿ ಬರುತ್ತಿತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ: ಗುಂಡಿಯಲ್ಲಿ ನೆನೆದು ಕೊಳೆತ ತೆಂಗಿನ ಮಟ್ಟೆಯಂಥದು.

"ಏನೋ ವಾಸ್ನೆ ಅಮ್ಮಾರೇ."

"ಹಿತ್ಲಲ್ಲಿ ಮಟ್ಟೆ ಗುಂಡಿ ಐತಲ್ಲೇ, ನಿಂಗೊತ್ತಿಲ್ವಾ?"

ಮಾಯಾ ಈಗತಾನೇ ಹಿತ್ತಿಲಿನಿಂದ ಬಂದಿದ್ದಳು. ಮಟ್ಟೆ ಗುಂಡಿ ಒಣಗಿತ್ತು. ಥರ್ಮಾಮೀಟರ್ ತೆಗೆದು ಜಗಲಿಯ ಮೇಲಿಟ್ಟಳು. "ಇದನ್ನ ಅವ್ಳ ಕಂಕುಳಲ್ಲಿ ಇಡಿ. ಕುಯ್ ಅಂದ್ಮೇಲೆ ತಂದ್ಕೊಡಿ."

ಕರಿಯಮ್ಮ ಅದಕ್ಕೂ ನೀರು ಚಿಮುಕಿಸಿ, ಎರಡೇ ಬೆರಳಲ್ಲಿ ಹಿಡಿದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಸದ್ದು ಕೇಳಿಸಿತು, ತಂದಿಟ್ಟಳು. ತೊಂಬತ್ತೆಂಟು ಪಾಯಿಂಟ್ ನಾಲ್ಕು. ಜ್ವರವಿಲ್ಲ.

ಆಗ ಒಳಗಿನಿಂದ, ತೀರಾ ತೆಳ್ಳಗೆ, ಕೇಳಿಸಿತು. "ಅಕ್ಕಾ..."

"ನಿದ್ದೇಲಿ ಕನವರಿಸ್ತಾಳೆ," ಎಂದಳು ಕರಿಯಮ್ಮ.

ಮಾಯಾ ಎದ್ದಳು. ಬಲಗಾಲು ಚಪ್ಪಲಿಯಿಂದ ಹೊರಬಂದು ಹೊಸ್ತಿಲ ಕಡೆಗೆ ಎದ್ದೂಬಿಟ್ಟಿತು. ಕರಿಯಮ್ಮ ತಡೆಯಲಿಲ್ಲ, ಬೈಯಲಿಲ್ಲ. ಆ ಪಾದವನ್ನು ನೋಡಿದಳು, ಅಷ್ಟೇ. ಊರಿನ ನಲವತ್ತಾರು ಹೆಂಗಸರ ಮಾತ್ರೆಗಳು ಮಾಯಾಳ ಕಣ್ಣ ಮುಂದೆ ನಲ್ಲಿಕಟ್ಟೆಯ ಮೇಲೆ ಬಂದು ಬಿದ್ದವು. ಹಗ್ಗ ಖಾಲಿ ಇದೆ, ಜ್ವರ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಪಾದ ಚಪ್ಪಲಿಗೆ ಮರಳಿತು. ಟಿಕ್ ಬಿತ್ತು.

ಸಂಜೆ ಅವ್ವನ ಮುಂದೆ ಮುದ್ದೆಯ ತಟ್ಟೆ ಇಡುವಾಗ ವಾಸನೆಯ ಮಾತು ತೆಗೆದಳು. ಭಾಗಮ್ಮನಿಗೆ ಈಗ ಕಣ್ಣು ಕಾಣದು. ತಟ್ಟೆಗೆ ಹೋಗುತ್ತಿದ್ದ ಕೈ ನಿಂತಿತು.

"ಎಷ್ಟನೇ ದಿನ?"

"ಏಳು."

"ಕಾಲು ಇಟ್ಯಾ ಒಳಗೆ?"

"ಇಲ್ಲ ಕಣವ್ವ. ಜ್ವರ ಇರ್ಲಿಲ್ಲ."

"ಜ್ವರ ಇರ್ಲಿಲ್ವಂತೆ," ಎಂದು ಮುದುಕಿ ಗೋಡೆಗೆ ಹೇಳಿದಳು. "ನಾನು ಹಿತ್ಲು ಬಾಗ್ಲಿಂದ ನುಗ್ಗಿದ್ದೀನಿ. ಅದೂ ಹಾಕಿದ್ರೆ ಹೆಂಚು ತೆಗ್ದು ಇಳ್ದಿದ್ದೀನಿ. ಆ ವಾಸ್ನೆ ಬಂದ್ರೆ ಯಾರ ಅಪ್ಪಣೇನೂ ಕೇಳ್ಬಾರ್ದು ಕಣೇ. ನಿಂಗೆ ಸೀರೆ ಕೊಟ್ರು, ಚೀಲ ಕೊಟ್ರು. ಯಾಕೆ ಕೊಟ್ರೋ!"

ಮಾರನೆಯ ದಿನ ಅಂಗನವಾಡಿಯಲ್ಲಿ ಲಸಿಕೆ. ಮಧ್ಯಾಹ್ನದವರೆಗೆ ಮಾಯಾ ಅಲುಗಾಡಲಾಗಲಿಲ್ಲ. ಬಿಡುವು ಸಿಕ್ಕಾಗ ಭೈರೇಶನಿಗೆ ಫೋನು ಮಾಡಿದಳು. "ನಿಶ್ಚಿತಾ ಹೆಂಗವ್ಳೆ? ನೀನು ನೋಡಿದ್ಯಾ?"

"ನಾನೆಲ್ಲಕ್ಕ ನೋಡ್ಲಿ? ಗಂಡಸ್ರು ಆ ರೂಮಿಗೆ ಹೋಗಂಗಿಲ್ಲ. ಅಮ್ಮ ಚೆನ್ನಾಗವ್ಳೆ ಅಂತು." ಒಂದೇ ಮನೆಯಲ್ಲಿದ್ದೂ ಅವನು ಐದು ದಿನದಿಂದ ಹೆಂಡತಿಯ ಮುಖ ನೋಡಿರಲಿಲ್ಲ.

ನಾಳೆ ಬೆಳಿಗ್ಗೆ ಎದ್ದವಳೇ ನುಗ್ಗುವುದು ಎಂದು ಮಾಯಾ ಗಟ್ಟಿ ಮಾಡಿಕೊಂಡಳು.

ಬೆಳಿಗ್ಗೆ ಅವಳು ಸೀರೆ ನೆರಿಗೆ ಹಿಡಿಯುತ್ತಿರುವಾಗ ಭೈರೇಶನ ಫೋನು ಬಂತು. ಮಾತು ತಿಳಿಯಲಿಲ್ಲ, ಅಳು ತಿಳಿಯಿತು. ಓಡಿದಳು. ಬಾಗಿಲಲ್ಲಿ ಕರಿಯಮ್ಮ ತಲೆ ಕೆದರಿಕೊಂಡು ನಿಂತಿದ್ದಳು. ಅಭ್ಯಾಸಬಲದಿಂದ ಜಗಲಿಯಲ್ಲಿ ನಿಂತುಬಿಟ್ಟ ಮಾಯಾಳನ್ನು ಕಂಡು ಚೀರಿದಳು. "ಬಾರೇ ಒಳಗೆ! ನಿಂತ್ಕೊಂಡು ಏನ್ ನೋಡ್ತೀಯ?"

ಕೋಣೆಯ ಕಿಟಕಿಗೆ ಗೋಣಿಚೀಲ ಬಡಿದಿತ್ತು. ಸೊಂಟಕ್ಕೆ ಬಿಗಿದಿದ್ದ ಸೀರೆಯನ್ನು ಮಾಯಾ ಬಿಚ್ಚಿದಳು, ಹೊಟ್ಟೆ ಕಲ್ಲಾಗಿತ್ತು. ಮೈ ಸುಡುತ್ತಿತ್ತು. ತುಟಿ ಒಡೆದಿತ್ತು. ತಾನೇ ತಂದುಕೊಟ್ಟ ಬಿಳಿಯ ಪ್ಯಾಡು ಹಸಿರುಬಣ್ಣಕ್ಕೆ ತಿರುಗಿತ್ತು. ಉಳಿದವೆಲ್ಲ ಬಚ್ಚಲ ಒಲೆಯಲ್ಲಿ ಬೂದಿಯಾಗಿದ್ದವು.

ನಿಶ್ಚಿತಾ ಕಣ್ಣು ತೆರೆದಳು. "ಬಂದ್ರಾ ಅಕ್ಕ."

ಆಂಬುಲೆನ್ಸಿನಲ್ಲಿ ಅವಳ ಪಕ್ಕ ಕೂರಲು ಮನೆಯವರು ಯಾರೂ ಮುಂದೆ ಬರಲಿಲ್ಲ, ವಾಸನೆ. ಭೈರೇಶ ಡ್ರೈವರ್ ಪಕ್ಕ ಕೂತ. ಮಾಯಾ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು, ಹನಿಹನಿಯಾಗಿ ನೀರು ಕುಡಿಸಿದಳು. ಕಡೂರಿನಲ್ಲಿ ನೋಡಿದ ಡಾಕ್ಟರು ನಂಜು ರಕ್ತಕ್ಕೆ ಸೇರಿದೆ ಎಂದು ಬಾಟಲಿ ಏರಿಸಿ, ಶಿವಮೊಗ್ಗಕ್ಕೆ ಕಳಿಸಿದರು. ಬೀರೂರು ದಾಟಿದ ಮೇಲೆ ನಿಶ್ಚಿತಾಳಿಗೆ ಎಲ್ಲಿದ್ದೇನೆಂಬುದು ಹೇಗೋ ಗೊತ್ತಾಯಿತು.

"ತರೀಕೆರೆ ಬಂತಾ?"

"ಬತ್ತಾ ಐತೆ ಕಣವ್ವ."

"ಅಮ್ಮಂಗೆ ಹೇಳಿ, ನೀರು ಕಾಯ್ಸಕ್ಕೆ."

ತರೀಕೆರೆ ಬಂತು. ಬಸ್ ಸ್ಟ್ಯಾಂಡು, ಅಂಗಡಿಸಾಲು, ಯೂನಿಫಾರಂ ಹಾಕಿದ ಹುಡುಗಿಯರು ಕಿಟಕಿಯಲ್ಲಿ ಹಾದುಹೋದರು. ಗಾಡಿ ನಿಲ್ಲಲಿಲ್ಲ. ಭದ್ರಾವತಿ ಸೇರುವ ಮೊದಲೇ ಮಾಯಾಳ ತೊಡೆಯ ಮೇಲಿನ ತಲೆ ತೂಕವಾಯಿತು.

ಕೂಸಿನ ಹನ್ನೆರಡನೇ ದಿನ, ತಾಯಿಯ ಸಾವಿನ ವಿಚಾರಣೆಗೆ ತಾಲ್ಲೂಕಿನಿಂದ ಡಾಕ್ಟರಮ್ಮ ಒಬ್ಬರು ಬಂದರು. ನಡುಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಕಾಗದ ಹರಡಿಕೊಂಡು ಕೂತರು. ಜಗಲಿಯ ತುಂಬ ಊರ ಹೆಂಗಸರು. ಮಾಯಾ ಬಾಗಿಲಾಚೆ ನಿಂತಿದ್ದಳು.

"ಏಳನೇ ದಿನ ತಾಯಿಯನ್ನು ನೋಡಿದ್ದೀನಿ ಅಂತ ಬರೆದಿದ್ದೀಯ. ಜ್ವರ ಇಲ್ಲ ಅಂತ ಬೇರೆ. ಒಳಗೆ ಬಂದು ಮಾತಾಡಮ್ಮ, ಅಲ್ಲೇನು ನಿಂತಿದ್ದೀಯ?"

ಕರಿಯಮ್ಮನೇ ಬಾಯಿ ಹಾಕಿದಳು. "ನೋಡಿದ್ಲು ಮೇಡಮ್. ಸೀದಾ ಒಳಗೆ ಬಂದು, ಮುಟ್ಟಿ ನೋಡಿ, ಏನೂ ಇಲ್ಲ ಅಂತ ಹೇಳೋದ್ಲು. ಅವ್ಳನ್ನ ನಂಬಿ ನಾವು ಕೆಟ್ವಿ."

"ಇಷ್ಟು ನಂಜಾದವಳಿಗೆ ತೊಂಬತ್ತೆಂಟು ಹೇಗೆ ಬರುತ್ತೆ? ಥರ್ಮಾಮೀಟರ್ ಯಾರು ಇಟ್ಟಿದ್ದು?"

"ನಾನೇ ಇಟ್ಟಿದ್ದು," ಎಂದಳು ಕರಿಯಮ್ಮ.

"ಸರಿಯಾಗಿ ಅವಳ ಕಂಕುಳಲ್ಲೇ ಇಟ್ರಾ?"

"ಅಯ್ಯೋ, ಅವ್ಳ್ಗೆ ಎಲ್ಲಾದ್ರೂ ಇಡ್ತಾರಾ? ಅದು ಕೆಳಗಿನ ಕೇರಿಯೋರ ಮೈಗೆಲ್ಲ ಇಟ್ಟು ತಂದಿರೋದು," ಎಂದಳು ಕರಿಯಮ್ಮ, ಇಷ್ಟೂ ತಿಳಿಯದ ಡಾಕ್ಟರೇ ಎಂಬಂತೆ. "ನನ್ ಕಂಕುಳಲ್ಲೇ ಇಟ್ಕೊಂಡೆ. ನಾನಾದ್ರೆ ಸ್ನಾನ ಮಾಡ್ಕೋತೀನಿ. ಬಾಣಂತಿಗೆ ದಿನಕ್ಕೆ ಎರಡೆರಡು ಸಲ ತಲೆಗೆ ಹುಯ್ಯಕ್ಕಾಯ್ತದಾ?"

ಜಗಲಿಯ ಮೇಲೆ ಯಾರೋ ಕಿಸಕ್ಕೆಂದರು. ತಕ್ಷಣ ಸೆರಗು ಬಾಯಿಗೆ ಹೋಯಿತು. ಭೈರೇಶ ಎದ್ದು ಹಿತ್ತಿಲಿಗೆ ನಡೆದ.

ಡಾಕ್ಟರಮ್ಮ ಕಾಗದದ ಮೇಲಿನ ಟಿಕ್ಕಿಗೆ ಬೆರಳಿಟ್ಟರು. ಆಮೇಲೆ ಬಾಗಿಲ ಕಡೆ ತಿರುಗಿದರು. "ಹಾಗಾದ್ರೆ ನೀನು ನೋಡೇ ಇಲ್ಲ. ಈ ಟಿಕ್ ಯಾರ ಕೈದು?"

"ನಂದೇ," ಎಂದಳು ಮಾಯಾ. "ಕೂಗಿದ್ಲು. ಕೇಳಿಸ್ತು. ನಾನು ಹೋಗ್ಲಿಲ್ಲ."

ಅದನ್ನೂ ಬರೆದುಕೊಂಡರು. ಕಾರಣ ಕೇಳಿ ನೋಟಿಸ್ ಬರುತ್ತದೆ ಎಂದರು.

ಹದಿನಾಲ್ಕನೇ ದಿನ ಮಾಯಾ ಬದುವಿನ ಮೇಲೆ ಬರಲಿಲ್ಲ. ಊರ ಮುಂದಿನ ರಸ್ತೆಯಲ್ಲೇ ನಡೆದು ಬಂದಳು. ಕರಿಯಮ್ಮ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ, ನಡುಮನೆಯ ತೊಟ್ಟಿಲ ಕೊಂಡಿಗೆ ಜೋಳಿಗೆ ಸಿಕ್ಕಿಸುತ್ತಿದ್ದಳು.

"ಕೂಸು ಕೊಡಿ ಇಲ್ಲಿ."

ಕರಿಯಮ್ಮನ ಕೈಗಳು ತಾವಾಗಿ ಮುಂದೆ ಬಂದವು. ಕೂಸು ಕೈಯಿಂದ ಕೈಗೆ ಬಂತು. ಎರಡು ಕಿಲೋ ಮುನ್ನೂರು. ಮೂರನೇ ದಿನ ತೂಗಿದ್ದಕ್ಕಿಂತ ಕಡಿಮೆ. ತುಟಿಯ ಮೇಲೆ ಹಸುವಿನ ಹಾಲಿನ ಕೆನೆ ಒಣಗಿತ್ತು. ಮಾಯಾ ಚೀಲದಿಂದ ಹಾಲಿನ ಪುಡಿ ತೆಗೆದು ಅಡುಗೆಮನೆಯ ಕಡೆ ತಿರುಗಿದಳು.

"ಒಲೆ ಹತ್ರ ಹೋಗ್ಬೇಡ್ವೇ!"

"ಇದ್ರ ತಾಯಿ ಹತ್ರ ಹೋಗ್ಬೇಡ ಅಂದ್ರಿ, ಹೋಗ್ಲಿಲ್ಲ," ಎಂದಳು ಮಾಯಾ. "ಒಲೆ ಹತ್ರ ಹೋಗ್ತೀನಿ."

ನೀರು ಕುದಿಸಿದಳು, ಲೋಟ ಚಮಚ ಕುದಿಸಿದಳು, ಎಷ್ಟು ನೀರಿಗೆ ಎಷ್ಟು ಪುಡಿಯೆಂದು ಭೈರೇಶನಿಂದ ಮೂರು ಸಲ ಹೇಳಿಸಿದಳು. ಕೂಸು ಅವಳ ತೊಡೆಯ ಮೇಲೆ ಚಮಚ ಚಮಚವಾಗಿ ಕುಡಿದು, ಮುಷ್ಟಿ ಸಡಿಲಿಸಿ ಮಲಗಿತು. ಮರಳಿ ಕೊಟ್ಟಳು. ಅವಳು ಚಪ್ಪಲಿ ಹಾಕಿಕೊಳ್ಳುವಾಗ ಬೆನ್ನ ಹಿಂದೆ ಚೊಂಬಿನ ಸದ್ದಾಯಿತು, ಆಮೇಲೆ ಕೂಸಿನ ಕಿರುಚಾಟ.

ಮರುದಿನ ಬೆಳಿಗ್ಗೆ ನಲ್ಲಿಕಟ್ಟೆಯ ಮೇಲೆ ರಾಶಿ ಬಿದ್ದಿತ್ತು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಪ್ಯಾಡಿನ ಪೊಟ್ಟಣಗಳು. ಮೇಲೆಯೇ ಮಲ್ಲಿಕಾಂಬನ ಹೆಸರಿದ್ದ ಆಸ್ಪತ್ರೆಯ ಚೀಟಿ, ಮಡಚಿ, ಮಾತ್ರೆಯ ಹಾಳೆಗೆ ರಬ್ಬರ್ ಹಾಕಿದ್ದು. ನೀರಿಗೆ ಬಂದ ಹೆಂಗಸರು ಕೊಡ ತುಂಬಿಕೊಂಡು, ನೋಡದೆ ನಡೆದರು. ಮಾಯಾ ಮಂಡಿಯೂರಿ ಒಂದೊಂದನ್ನೇ ಸೆರಗಿಗೆ ಒರೆಸಿ ಚೀಲಕ್ಕೆ ಹಾಕಿದಳು. ರಾಶಿಯನ್ನು ತಳದವರೆಗೆ ಹುಡುಕಿದಳು. ಕರಿಯಮ್ಮನ ಬಿ.ಪಿ. ಮಾತ್ರೆ ಮಾತ್ರ ಅಲ್ಲಿರಲಿಲ್ಲ.

ಅವು ಮುಗಿಯಲು ಇನ್ನು ಆರು ದಿನವಿತ್ತು. ಕೂಸಿನ ಇಪ್ಪತ್ತೊಂದನೇ ದಿನಕ್ಕೂ ಅಷ್ಟೇ.